ದೀಪ ಹಚ್ಚುವ ಹೊತ್ತು: ಮನೆಯ ಬೆಳಕನ್ನು ಹಂತ ಹಂತವಾಗಿ ಹೊಂದಿಸಿಕೊಳ್ಳುವುದು

ಸಂಜೆ ಏಳರ ಹೊತ್ತಿಗೆ ಅಡುಗೆ ಕಟ್ಟೆಯ ಮುಂದೆ ನಿಂತು ಸೊಪ್ಪು ಹೆಚ್ಚುವವರನ್ನು ಒಮ್ಮೆ ಗಮನಿಸಿ. ಟ್ಯೂಬ್‌ಲೈಟ್ ಬೆನ್ನ ಹಿಂದಿನ ಗೋಡೆಯಲ್ಲಿ ಉರಿಯುತ್ತಿರುತ್ತದೆ, ಅವರ ನೆರಳು ಅವರ ಕೈಯ ಮೇಲೇ ಬಿದ್ದಿರುತ್ತದೆ. ಎಲೆಯಡಿಯ ಹುಳು, ಚಾಕುವಿನ ಅಂಚು ಯಾವುದೂ ನಿಚ್ಚಳವಾಗಿ ಕಾಣುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಹೀಗೇ ಅಡುಗೆ ಮಾಡಿದವರು ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ. ಇಂಥ ಅಡುಗೆಮನೆಗೆ ಮೊಬೈಲಿನಿಂದ ಬಣ್ಣ ಬದಲಿಸುವ ಬಲ್ಬು ತಂದು ಹಾಕಿದರೂ ನೆರಳು ಅಲ್ಲೇ ಇರುತ್ತದೆ. ಬದಲಾಗಬೇಕಾದದ್ದು ದೀಪದ ಜಾಗ.

ಅದಕ್ಕೇ ಈ ಬರಹದಲ್ಲಿ ತಾನಾಗಿ ಹೊತ್ತಿ ಆರುವ ದೀಪಗಳ ಮಾತು ಐದನೆಯ ಹಂತದಿಂದ ಶುರುವಾಗುತ್ತದೆ. ಮೊದಲ ನಾಲ್ಕು ಹಂತ ಬೆಳಕಿನದ್ದೇ. ಅವನ್ನಷ್ಟೇ ಮಾಡಿ ನಿಲ್ಲಿಸಿದರೂ ನಿಮ್ಮ ಮನೆಗೆ ಮುಕ್ಕಾಲು ಪಾಲು ಲಾಭ ಬಂದಂತೆಯೇ.

ಹಂತ 1: ಕತ್ತಲಾದ ಮೇಲೆ ಮನೆಯನ್ನು ಒಂದು ಸುತ್ತು ಹಾಕಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ, ಪೆನ್ನು ಹಿಡಿದು ಮನೆಯೊಳಗೆ ತಿರುಗಾಡಿ. ಪ್ರತಿ ಕೋಣೆಯಲ್ಲೂ ಯಾರು ಎಲ್ಲಿ ಕೂರುತ್ತಾರೆ, ಏನು ಮಾಡುತ್ತಾರೆ, ಆಗ ನೆರಳು ಎಲ್ಲಿ ಬೀಳುತ್ತದೆ ಎಂದು ಬರೆದುಕೊಳ್ಳಿ. "ಹಾಲ್‌ಗೆ ಎರಡು ಬಲ್ಬು" ಎಂದು ಬರೆದರೆ ಪ್ರಯೋಜನವಿಲ್ಲ. "ಅಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತಾರೆ, ಬೆಳಕು ಎದುರಿನಿಂದ ಕಣ್ಣಿಗೆ ಹೊಡೆಯುತ್ತದೆ" ಎಂದು ಬರೆದರೆ ಅರ್ಧ ಕೆಲಸ ಮುಗಿದಂತೆ.

ಮನೆಯಲ್ಲಿ ಹಿರಿಯರಿದ್ದರೆ ಈ ಸುತ್ತನ್ನು ಅವರ ಜೊತೆಯಲ್ಲೇ ಹಾಕಿ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತು ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ನಿಮಗೆ ಸಾಕೆನಿಸಿದ ಬೆಳಕು ಅವರಿಗೆ ಮಬ್ಬು. ಅಮ್ಮ ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಯಾವ ಗೋಡೆ ಹಿಡಿಯುತ್ತಾರೆ, ಸ್ವಿಚ್ಚಿಗಾಗಿ ಎಲ್ಲಿ ತಡಕಾಡುತ್ತಾರೆ ಎಂಬುದನ್ನು ನಾನು ನೋಡಿದ್ದು ಹೀಗೆ ಜೊತೆಯಲ್ಲಿ ನಡೆದಾಗಲೇ. ಹದಿನಾಲ್ಕು ಹೆಜ್ಜೆಯ ದಾರಿ ಅದು. ನಡುವೆ ಒಂದು ಹೊಸ್ತಿಲು ಇತ್ತು, ದೀಪ ಒಂದೂ ಇರಲಿಲ್ಲ.

ಹಂತ 2: ವ್ಯಾಟ್ ಬಿಟ್ಟು ಲ್ಯೂಮೆನ್ ನೋಡಿ

ವ್ಯಾಟ್ ಎಂದರೆ ಬಲ್ಬು ತಿನ್ನುವ ಕರೆಂಟು. ಅದು ಕೊಡುವ ಬೆಳಕಿನ ಅಳತೆ ಲ್ಯೂಮೆನ್. ಹಳೆಯ 60 ವ್ಯಾಟಿನ ತಂತಿ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಈಗಿನ 9 ವ್ಯಾಟ್ ಎಲ್‌ಇಡಿ 800ರಿಂದ 900 ಕೊಡುತ್ತದೆ. ನಾಲ್ಕು ಅಡಿಯ 20 ವ್ಯಾಟ್ ಎಲ್‌ಇಡಿ ಬ್ಯಾಟನ್ ಹತ್ತಿರಹತ್ತಿರ 2000. ಈ ಅಂಕಿ ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ.

ಲೆಕ್ಕಕ್ಕೆ ಸುಲಭದ ದಾರಿ ಇದು. ಹಾಲ್, ಮಲಗುವ ಕೋಣೆಗಳಿಗೆ ಚದರ ಅಡಿಗೆ ಸುಮಾರು 20 ಲ್ಯೂಮೆನ್ ಇಟ್ಟುಕೊಳ್ಳಿ. 10x12 ಅಡಿಯ ಹಾಲ್ ಎಂದರೆ 120 ಚದರ ಅಡಿ, ಅಂದರೆ 2400 ಲ್ಯೂಮೆನ್. ಒಂದೇ ದೊಡ್ಡ ದೀಪದಿಂದ ಇಷ್ಟನ್ನು ತೆಗೆಯುವುದಕ್ಕಿಂತ ಮೂರು ಕಡೆ ಹಂಚಿದರೆ ಕಣ್ಣಿಗೆ ಹಿತ, ನೆರಳೂ ಮೆದುವಾಗುತ್ತದೆ.

ಈ ಲೆಕ್ಕ ತಿಳಿಬಣ್ಣದ ಗೋಡೆ, ಬಿಳಿ ಸೀಲಿಂಗಿನ ಮನೆಗೆ. ರೆಡ್ ಆಕ್ಸೈಡ್ ನೆಲ, ಕಪ್ಪು ಮರದ ತೊಲೆ, ಹೆಂಚಿನ ಮಾಡು ಇರುವ ಮನೆ ಬೆಳಕನ್ನು ಕುಡಿದುಬಿಡುತ್ತದೆ. ಅಲ್ಲಿ ಒಂದೂವರೆ ಪಟ್ಟು ಬೇಕಾದೀತು. ಅದಕ್ಕಿಂತ ಒಳ್ಳೆಯ ಉಪಾಯ ದೀಪವನ್ನು ಕೆಳಗಿಳಿಸುವುದು. ದೂರ ಎರಡು ಪಟ್ಟಾದರೆ ಬೀಳುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹದಿನಾಲ್ಕು ಅಡಿ ಎತ್ತರದ ತೊಲೆಗೆ ಬಲ್ಬು ಸಿಕ್ಕಿಸುವ ಬದಲು ವೈರಿನಲ್ಲಿ ಏಳೆಂಟು ಅಡಿ ಎತ್ತರಕ್ಕೆ ಇಳಿಬಿಟ್ಟರೆ ಅದೇ ಬಲ್ಬು ಬೇರೆಯದೇ ಅನ್ನಿಸುತ್ತದೆ.

ಹಂತ 3: ಬೆಳಕಿನ ಬಣ್ಣ ಆರಿಸಿ

ನಮ್ಮಲ್ಲಿ ಅಂಗಡಿಗೆ ಹೋಗಿ ಬರೀ "ಎಲ್‌ಇಡಿ ಬಲ್ಬ್ ಕೊಡಿ" ಎಂದರೆ ಕೈಗೆ ಬರುವುದು ಹೆಚ್ಚಾಗಿ 6500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿ ಬೆಳಕು. ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ. 2700ರಿಂದ 3000 ಎಂದರೆ ಹಳೆಯ ತಂತಿ ಬಲ್ಬಿನ ಹೊನ್ನಬಣ್ಣ. ದಸರೆಯಲ್ಲಿ ಮೈಸೂರು ಅರಮನೆಯ ಮೇಲೆ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿದಾಗ ಕಾಣುವ ಬಣ್ಣ ಅದು. 4000 ಎಂದರೆ ಹಳದಿಯೂ ಅಲ್ಲದ, ನೀಲಿಯೂ ಅಲ್ಲದ ಸಾದಾ ಬಿಳಿ. 6500 ಮೋಡ ಕವಿದ ಮಧ್ಯಾಹ್ನದ ಆಕಾಶ.

ಬಿಳಿಯಾದಷ್ಟೂ ಬೆಳಕು ಹೆಚ್ಚು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಲ್ಯೂಮೆನ್ ಒಂದೇ ಇದ್ದರೆ ಬೆಳಕೂ ಒಂದೇ, ಬಣ್ಣ ಮಾತ್ರ ಬೇರೆ. ಆದರೆ ನೀಲಿ ಅಂಶ ಹೆಚ್ಚಿರುವ ಬೆಳಕು ಇನ್ನೂ ಹಗಲಿದೆ ಎಂದು ಮೆದುಳಿಗೆ ಹೇಳುತ್ತದೆ, ನಿದ್ದೆ ತರುವ ಮೆಲಟೋನಿನ್ ಏಳುವುದು ತಡವಾಗುತ್ತದೆ. ರಾತ್ರಿ ಹತ್ತರ ತನಕ 6500ರ ಕೆಳಗೆ ಕೂತ ಮಗು ಬೇಗ ಮಲಗುವುದಿಲ್ಲ ಎಂದು ಬೈದು ಫಲವಿಲ್ಲ. ಮಲಗುವ ಕೋಣೆಗೆ 2700ರಿಂದ 3000, ಅಡುಗೆಮನೆ ಮತ್ತು ಓದುವ ಮೇಜಿಗೆ 4000 ಇರಲಿ. ಮನೆಯೊಳಗೆ ಎಲ್ಲಿಯೂ 6500 ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಡಬ್ಬಿಯ ಮೇಲೆ ಇನ್ನೆರಡು ವಿಷಯ ನೋಡಿ. ಒಂದು ಸಿಆರ್‌ಐ. ಆ ಬೆಳಕಿನಲ್ಲಿ ವಸ್ತುಗಳ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದಕ್ಕೆ ನೂರಕ್ಕೆ ಕೊಡುವ ಅಂಕ ಅದು. 80ಕ್ಕಿಂತ ಕಡಿಮೆ ಬೇಡ. ಅಡುಗೆಮನೆಗೂ ಸೀರೆ ಆರಿಸುವ ಕನ್ನಡಿಯ ಮುಂದಕ್ಕೂ 90 ಸಿಕ್ಕರೆ ತನ್ನಿ. ಇನ್ನೊಂದು ಬಿಐಎಸ್ ನೋಂದಣಿ ಗುರುತು. ಅದಿಲ್ಲದ ಬಲ್ಬನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ. ಅಂಗಡಿಯಲ್ಲೇ ಬಲ್ಬು ಹೊತ್ತಿಸಿ, ಮೊಬೈಲಿನ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಇಟ್ಟು ನೋಡಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಿದರೆ ಅದು ಕಣ್ಣಿಗೆ ಕಾಣದಂತೆ ಮಿಣುಕುತ್ತಿದೆ ಎಂದರ್ಥ. ಅಂಥ ಬೆಳಕಿನಲ್ಲಿ ಹೆಚ್ಚು ಹೊತ್ತು ಓದಿದರೆ ಕೆಲವರಿಗೆ ತಲೆನೋವು ಬರುತ್ತದೆ.

ಹಂತ 4: ಕೋಣೆ ಕೋಣೆಗೆ ಇಳಿಯಿರಿ

ಹಣ ಕಡಿಮೆಯಿದ್ದರೆ ಅಡುಗೆಮನೆಯಿಂದ ಶುರುಮಾಡಿ. ಕಟ್ಟೆಯ ಮೇಲಿನ ಕಪಾಟು ಅಥವಾ ಸಜ್ಜದ ತಳಕ್ಕೆ, ಮುಂದಿನ ಅಂಚಿನ ಹತ್ತಿರ, 10 ವ್ಯಾಟಿನ ತೆಳು ಎಲ್‌ಇಡಿ ಬ್ಯಾಟನ್ ಹಾಕಿಸಿ. ಬೆಳಕು ಕೈಗಿಂತ ಮುಂದೆ ಮತ್ತು ಮೇಲಿನಿಂದ ಬೀಳಬೇಕು. ಅಕ್ಕಿ ಆರಿಸುವುದಕ್ಕೆ, ತರಕಾರಿ ಹೆಚ್ಚುವುದಕ್ಕೆ ಕಟ್ಟೆಯ ಮೇಲೆ 300ರಿಂದ 500 ಲಕ್ಸ್ ಬೇಕು. ಒಂದು ಚದರ ಮೀಟರಿಗೆ ಬೀಳುವ ಲ್ಯೂಮೆನ್ನೇ ಲಕ್ಸ್. ಚಾವಣಿಯ ಒಂದೇ ದೀಪದಿಂದ ಕಟ್ಟೆಗೆ ಇಷ್ಟು ಸಿಗುವುದು ಕಷ್ಟ, ಎರಡು ಅಡಿ ಮೇಲಿನ ಬ್ಯಾಟನ್‌ನಿಂದ ಸಲೀಸಾಗಿ ಸಿಗುತ್ತದೆ. ಬ್ಯಾಟನ್ ಒಲೆಯ ನೇರ ಮೇಲೆ ಬೇಡ. ಆವಿ, ಎಣ್ಣೆಜಿಡ್ಡು, ಬಿಸಿ ಸೇರಿ ಎಲ್‌ಇಡಿಯ ಆಯುಸ್ಸನ್ನು ತಿನ್ನುತ್ತವೆ.

ಹಾಲ್‌ಗೆ ಮೂರು ಪದರ ಸಾಕು: ಕೋಣೆಗೆಲ್ಲ ಹರಡುವ ಒಂದು ದೀಪ, ಓದುವವರ ಭುಜದ ಹಿಂದಿನಿಂದ ಬೀಳುವ ಒಂದು ದೀಪ, ಟಿವಿಯ ಹಿಂದಿನ ಗೋಡೆಗೆ ಒಂದು ಮಂದ ಪಟ್ಟಿ. ಮೂರಕ್ಕೂ ಬೇರೆ ಬೇರೆ ಸ್ವಿಚ್ ಇರಲಿ. ಪಿಓಪಿ ಸೀಲಿಂಗ್ ಮಾಡಿಸುವವರು ಇಪ್ಪತ್ತು ಸ್ಪಾಟ್‌ಲೈಟ್‌ಗಳನ್ನು ಸಾಲಾಗಿ ಕೂರಿಸಿ ಎರಡೇ ಸ್ವಿಚ್ಚಿಗೆ ಕಟ್ಟಿ ಹೋಗುವುದುಂಟು. ಸೀಲಿಂಗ್ ಮುಚ್ಚುವ ಮೊದಲು ಇದನ್ನು ತಡೆಯಿರಿ, ಆಮೇಲೆ ತಡೆಯಲಾಗದು.

ಮಲಗುವ ಕೋಣೆಯಲ್ಲಿ ನಾನು ಹಟ ಹಿಡಿಯುವುದು ಒಂದೇ ವಿಷಯಕ್ಕೆ. ಬಾಗಿಲ ಬಳಿ ಒಂದು, ಮಂಚದ ಬಳಿ ಒಂದು, ಹೀಗೆ ಟೂ-ವೇ ಸ್ವಿಚ್ ಹಾಕಿಸಿ. ಹಾಸಿಗೆಯಿಂದ ಏಳದೆ ದೀಪ ಆರಿಸುವ ಸುಖಕ್ಕೆ ಇಂಟರ್ನೆಟ್ ಬೇಕಿಲ್ಲ, ಎರಡು ಸ್ವಿಚ್ಚು ಮತ್ತು ಒಂದಿಷ್ಟು ವೈರು ಸಾಕು. ಹಳೆಯ "ಝೀರೋ ಬಲ್ಬು" ಇದ್ದರೆ ತೆಗೆದುಬಿಡಿ. ಹೆಸರಿಗೆ ಝೀರೋ ಆದರೂ ತಂತಿಯ ಆ ಬಲ್ಬುಗಳು 12ರಿಂದ 15 ವ್ಯಾಟ್ ತಿನ್ನುತ್ತಿದ್ದವು. ಅರ್ಧ ವ್ಯಾಟಿನ ಎಲ್‌ಇಡಿ ರಾತ್ರಿದೀಪ ಅದೇ ಕೆಲಸ ಮಾಡುತ್ತದೆ.

ಓದುವ ಮೇಜಿಗೆ ಬಲಗೈಯಲ್ಲಿ ಬರೆಯುವವರಿಗೆ ಎಡದಿಂದ, ಎಡಗೈಯವರಿಗೆ ಬಲದಿಂದ ಬೆಳಕು ಬರಬೇಕು. ಬಚ್ಚಲಿಗೆ ನೀರು ತಡೆಯುವ ಐಪಿ44 ಗುರುತಿನ ದೀಪ, ಮಳೆಗೆ ತೆರೆದ ಅಂಗಳ ಮತ್ತು ಗೇಟಿಗೆ ಐಪಿ65. ಅಂಗಳಕ್ಕೆ ಹಳದಿ ಬೆಳಕೇ ಮೇಲು, ಮಳೆಗಾಲದ ರೆಕ್ಕೆಹುಳುಗಳು ಅದಕ್ಕೆ ಕಡಿಮೆ ಮುತ್ತುತ್ತವೆ. ದೇವರಮನೆಗೆ 3 ವ್ಯಾಟಿನ ಹಳದಿ ಬಲ್ಬು ಸಾಕು, ನಂದಾದೀಪದ ಬೆಳಕನ್ನು ಅದು ನುಂಗಬಾರದು.

ಹಂತ 5: ಸ್ವಿಚ್ ಬೋರ್ಡಿನ ಹಿಂದೆ ಏನಿದೆ ತಿಳಿಯಿರಿ

ಮೊಬೈಲಿನಿಂದ ನಡೆಸುವ ಸ್ಮಾರ್ಟ್ ಸ್ವಿಚ್ ಕೊಂಡುತಂದು ಬೋರ್ಡು ಬಿಚ್ಚಿಸಿದ ಮೇಲೆ "ಇಲ್ಲಿ ನ್ಯೂಟ್ರಲ್ಲೇ ಇಲ್ಲ" ಎಂದು ಎಲೆಕ್ಟ್ರಿಷಿಯನ್ ಕೈಚೆಲ್ಲುವುದು ಎಷ್ಟೋ ಮನೆಗಳ ಅನುಭವ. ಸಾಮಾನ್ಯ ಸ್ವಿಚ್ ಫೇಸ್ ವೈರನ್ನು ಕೂಡಿಸುವುದು, ಕಡಿಯುವುದು ಅಷ್ಟೇ ಮಾಡುತ್ತದೆ. ಅದಕ್ಕೆ ನ್ಯೂಟ್ರಲ್ ಬೇಡ. ಸ್ಮಾರ್ಟ್ ಸ್ವಿಚ್ಚಿನೊಳಗೆ ಸದಾ ಎಚ್ಚರವಿರುವ ಒಂದು ಚಿಪ್ ಇರುತ್ತದೆ, ಅದು ಬದುಕಲು ನ್ಯೂಟ್ರಲ್ ಬೇಕು. ನಮ್ಮ ಕಡೆ ಸಾಕೆಟ್ ಇರುವ ಬೋರ್ಡುಗಳಲ್ಲಿ ನ್ಯೂಟ್ರಲ್ ಬಂದೇ ಇರುತ್ತದೆ. ಬರೀ ಸ್ವಿಚ್ಚುಗಳಿರುವ ಬೋರ್ಡಿನಲ್ಲಿ ಇರಲಿಕ್ಕಿಲ್ಲ. ನ್ಯೂಟ್ರಲ್ ಇಲ್ಲದೆ ನಡೆಯುವ ಸ್ವಿಚ್ಚುಗಳೂ ಇವೆ. ಅವು ಬಲ್ಬಿನ ಮೂಲಕವೇ ಚೂರು ಕರೆಂಟು ಎಳೆಯುತ್ತವೆ, ಅದರಿಂದ ಆರಿಸಿದ ಎಲ್‌ಇಡಿಯೂ ಮಿಣಿಮಿಣಿ ಹೊಳೆಯುವುದುಂಟು.

ಯುಪಿಎಸ್ ಇರುವ ಮನೆಯಲ್ಲಿ ಇನ್ನೊಂದು ತೊಡಕಿದೆ. ದೀಪದ ಲೈನು ಯುಪಿಎಸ್‌ನಿಂದ, ಸಾಕೆಟ್ಟಿನ ಲೈನು ನೇರ ಮೇನ್ಸ್‌ನಿಂದ ಬರುತ್ತಿರಬಹುದು. ಒಂದೇ ಬೋರ್ಡಿನಲ್ಲಿ ಎರಡೂ ಇರುತ್ತವೆ. ಸ್ಮಾರ್ಟ್ ಸ್ವಿಚ್ಚಿಗೆ ಫೇಸ್ ಒಂದು ಲೈನಿನದು, ನ್ಯೂಟ್ರಲ್ ಇನ್ನೊಂದರದು ಕೊಟ್ಟರೆ, ಕರೆಂಟು ಸೋರಿದಾಗ ಲೈನು ಕಡಿಯುವ ಆರ್‌ಸಿಸಿಬಿ ಮೇಲಿಂದ ಮೇಲೆ ಟ್ರಿಪ್ ಆಗುತ್ತದೆ. ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ: ಯಾವ ಲೈನಿನ ಫೇಸೋ ಅದೇ ಲೈನಿನ ನ್ಯೂಟ್ರಲ್. ಟ್ರಿಪ್ ಆಗುತ್ತದೆಂದು ಆರ್‌ಸಿಸಿಬಿಯನ್ನೇ ತೆಗೆದು ನೇರ ಕೊಡುತ್ತೇನೆ ಎಂದವರಿಗೆ ಕೆಲಸ ಕೊಡಬೇಡಿ. ಶಾಕ್ ಹೊಡೆದಾಗ ಜೀವ ಉಳಿಸುವ ಸಾಧನ ಅದೊಂದೇ.

ಬೋರ್ಡಿನೊಳಗಿನ ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ, ಎಂಸಿಬಿ ಇಳಿಸಿ ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಕೈ ಹಾಕಲಿ. ಸ್ಮಾರ್ಟ್ ಸ್ವಿಚ್ ಕೂರಲು ಹಳೆಯ ಮರದ ಬೋರ್ಡುಗಳ ಹಿಂದೆ ಜಾಗ ಧಾರಾಳ. ಹೊಸ ಮಾಡ್ಯುಲರ್ ಬೋರ್ಡಿನ ಪೆಟ್ಟಿಗೆ ಕಿರಿದು, ಅದು ಕಬ್ಬಿಣದ್ದಾದರೆ ವೈಫೈ ಸಂಕೇತವನ್ನೂ ಕುಗ್ಗಿಸುತ್ತದೆ.

ಹಂತ 6: ಎಲ್ಲಿಗೆ ಯಾವ ಉಪಕರಣ ಎಂದು ತೀರ್ಮಾನಿಸಿ

ಮನುಷ್ಯರು ಬಂದು ಹೋಗುವ ಜಾಗಕ್ಕೆ, ಅಂದರೆ ಮೆಟ್ಟಿಲು, ಉಗ್ರಾಣ, ಬಚ್ಚಲ ದಾರಿ, ಗೇಟು ಇಂಥ ಕಡೆಗೆ ಮೋಷನ್ ಸೆನ್ಸರ್ ಸಾಕು. ಸೆನ್ಸರ್ ಸೇರಿದ ಬಲ್ಬು ಅಥವಾ ಹೋಲ್ಡರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ವೈಫೈ ಬೇಡ, ಆ್ಯಪ್ ಬೇಡ. ಪಿಐಆರ್ ಎಂಬ ಸೆನ್ಸರ್ ಮೈಶಾಖದ ಚಲನೆಯನ್ನು ಗುರುತಿಸುತ್ತದೆ. ಅಲುಗಾಡದೆ ಕೂತವರು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಓದುವ ಕೋಣೆಗೆ, ಶೌಚಾಲಯದ ಒಂದೇ ದೀಪಕ್ಕೆ ಅದು ಸಲ್ಲದು. ಮೈಕ್ರೋವೇವ್ ರಡಾರ್ ಬಗೆಯ ಸೆನ್ಸರ್ ತೆಳು ಗೋಡೆಯಾಚೆಯ ಓಡಾಟವನ್ನೂ ಹಿಡಿಯುತ್ತದೆ. ಬೀದಿಗೆ ತಾಗಿದ ಗೋಡೆಯಲ್ಲಿ ಹಾಕಿದರೆ ದಾರಿಹೋಕರಿಗೆಲ್ಲ ಹೊತ್ತುತ್ತದೆ.

ಬೆಳಕನ್ನು ಮಂದ ಮಾಡಬೇಕು, ಬಣ್ಣ ಬದಲಿಸಬೇಕು ಎನ್ನುವ ಕಡೆ ಮಾತ್ರ ಸ್ಮಾರ್ಟ್ ಬಲ್ಬು ತನ್ನಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಒತ್ತಿ ತಿರುಗಿಸುವ ಬಿ22 ಹೋಲ್ಡರ್. ತಿರುಪಿನ ಇ27 ಬಲ್ಬು ಅದಕ್ಕೆ ಕೂರದು, ಆನ್‌ಲೈನಿನಲ್ಲಿ ಕೊಳ್ಳುವಾಗ ಇದನ್ನು ನೋಡಿಕೊಳ್ಳಿ. ಗೋಡೆಯ ಸ್ವಿಚ್ ಯಾರಾದರೂ ಆರಿಸಿದರೆ ಸ್ಮಾರ್ಟ್ ಬಲ್ಬು ಪೂರ್ತಿ ಸತ್ತಂತೆ, ಮೊಬೈಲಿಗೂ ಸಿಗುವುದಿಲ್ಲ. ಅಜ್ಜಿ ಅಭ್ಯಾಸಬಲದಿಂದ ಸ್ವಿಚ್ ಆರಿಸುವ ಮನೆಯಲ್ಲಿ ಸ್ಮಾರ್ಟ್ ಸ್ವಿಚ್ ಅಥವಾ ಈಗಿರುವ ಸ್ವಿಚ್ಚಿನ ಹಿಂದೆ ಕೂರುವ ಪುಟ್ಟ ಮಾಡ್ಯೂಲೇ ಸರಿ. ಆಗ ಗೋಡೆಯ ಗುಂಡಿಯೂ ಕೆಲಸ ಮಾಡುತ್ತದೆ, ಮೊಬೈಲೂ ಮಾಡುತ್ತದೆ. ಬಲ್ಬನ್ನು ಮಂದ ಮಾಡಲು ಫ್ಯಾನಿನ ರೆಗ್ಯುಲೇಟರನ್ನು ಬಳಸಬೇಡಿ. "ಡಿಮ್ಮಬಲ್" ಎಂದು ಬರೆದಿರದ ಎಲ್‌ಇಡಿ ಡಿಮ್ಮರಿನಲ್ಲಿ ಮಿಣುಕಿ ಬೇಗ ಹಾಳಾಗುತ್ತದೆ.

ವೈಫೈ ಉಪಕರಣಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ಅಲೆಯಲ್ಲಷ್ಟೇ ಮಾತಾಡುತ್ತವೆ. ಜೋಡಿಸುವಾಗ ಮೊಬೈಲ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಬಲ್ಬು ಸಿಗಲೊಲ್ಲದು. ಐದಾರು ದೀಪಕ್ಕೆ ವೈಫೈ ಸಾಕು. ಮನೆತುಂಬ ಮಾಡುವುದಾದರೆ ದೀಪಗಳನ್ನು ಜೋಡಿಸುವ ಹಬ್ ಎಂಬ ಪೆಟ್ಟಿಗೆ ಬೇಡುವ ಜಿಗ್‌ಬೀ ಬಗೆಯವು ಹೆಚ್ಚು ನಂಬಿಕಸ್ತ. ಬೇರೆ ಬೇರೆ ಕಂಪನಿಯವು ಒಂದಕ್ಕೊಂದು ಹೊಂದಬೇಕಿದ್ದರೆ 2022ರಲ್ಲಿ ಬಂದ "ಮ್ಯಾಟರ್" ಗುರುತು ನೋಡಿ ಕೊಳ್ಳಿ.

ಹಂತ 7: ಎರಡೇ ಎರಡು ಕೆಲಸಗಳಿಂದ ಶುರುಮಾಡಿ

ಮೊದಲನೆಯದು ಅಂಗಳದ ದೀಪ. ಆ್ಯಪ್‌ನಲ್ಲಿ ಗಂಟೆ ನಿಗದಿ ಮಾಡುವ ಬದಲು "ಸೂರ್ಯಾಸ್ತ" ಎಂಬ ಆಯ್ಕೆ ಒತ್ತಿ. ಬೆಂಗಳೂರಿನಲ್ಲಿ ನವೆಂಬರ್ ನಡುವಿನಲ್ಲಿ ಸುಮಾರು 5:50ಕ್ಕೆ ಸೂರ್ಯ ಮುಳುಗುತ್ತಾನೆ, ಜುಲೈ ಮೊದಲ ವಾರ 6:50ಕ್ಕೆ. ಗಂಟೆ ಹಾಕಿದ ಟೈಮರ್ ಈ ಒಂದು ಗಂಟೆಯ ವ್ಯತ್ಯಾಸವನ್ನು ಅರಿಯದು. ರಾತ್ರಿ ಹನ್ನೊಂದಕ್ಕೆ ಆರಲಿ, ಆಮೇಲೆ ಯಾರಾದರೂ ಗೇಟಿಗೆ ಬಂದರೆ ಸೆನ್ಸರ್ ಹೊತ್ತಿಸಲಿ.

ಎರಡನೆಯದು ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿ. ನೆಲದಿಂದ ಒಂದು ಅಡಿ ಎತ್ತರಕ್ಕೆ, ಕಣ್ಣಿಗೆ ನೇರ ಬೀಳದಂತೆ, ಒಂದೆರಡು ವ್ಯಾಟಿನ ಹಳದಿ ದೀಪ ಸೆನ್ಸರಿನ ಜೊತೆ ಕೂರಿಸಿ. ಕಾಲು ಕೆಳಗಿಟ್ಟೊಡನೆ ಹೊತ್ತಬೇಕು, ಎರಡು ನಿಮಿಷಕ್ಕೆ ಆರಬೇಕು. ಹೊಸ್ತಿಲ ಅಂಚಿನ ಮೇಲೆ ಬೆಳಕು ಬೀಳುವಂತೆ ನೋಡಿಕೊಳ್ಳಿ. ನಮ್ಮ ಮನೆಯ ಆ ಹದಿನಾಲ್ಕು ಹೆಜ್ಜೆಗೆ ಇಂಥವು ಎರಡು ಸಾಕಾದವು. ಈ ಬರಹದಲ್ಲಿ ಹೇಳಿದ್ದರಲ್ಲಿ ಒಂದನ್ನೇ ಮಾಡುವಿರಾದರೆ ಇದನ್ನು ಮಾಡಿ.

ಆಮೇಲೆ ಪ್ರತಿ ಸ್ಮಾರ್ಟ್ ಬಲ್ಬಿನ ಸೆಟ್ಟಿಂಗ್ಸ್‌ನಲ್ಲಿ, ಕರೆಂಟ್ ಹೋಗಿ ಬಂದಾಗ ಏನಾಗಬೇಕು ಎಂಬ ಆಯ್ಕೆ ಹುಡುಕಿ. ಹೆಚ್ಚಿನವು ಕರೆಂಟ್ ಬಂದ ಕೂಡಲೇ ಹೊತ್ತಿಕೊಳ್ಳುವಂತೆ ಬಂದಿರುತ್ತವೆ. ಒಂದು ರಾತ್ರಿ ಎರಡೂವರೆಗೆ ಕರೆಂಟ್ ಮರಳಿ, ಮಕ್ಕಳ ಕೋಣೆಯ ಬಲ್ಬು ಪೂರ್ತಿ ಬೆಳಕಿನಲ್ಲಿ ಹೊತ್ತಿ, ಮಗು ಬೆಚ್ಚಿ ಎದ್ದು ಅತ್ತದ್ದು ನಮಗೆ ಮರೆತಿಲ್ಲ. ಆ ಆಯ್ಕೆಯನ್ನು "ಹಿಂದಿನ ಸ್ಥಿತಿ"ಗೆ ಬದಲಿಸಿ. ರೂಟರಿಗೆ ಪುಟ್ಟ ಯುಪಿಎಸ್ ಇರಲಿ. ಇಂಟರ್ನೆಟ್ ಕಡಿದಾಗಲೂ ಟೈಮರ್ ನಡೆಯುತ್ತದೆಯೇ ಎಂದು ರೂಟರ್ ಆರಿಸಿ ಪರೀಕ್ಷಿಸಿ. ನಡೆಯದಿದ್ದರೆ ಆ ಉಪಕರಣವನ್ನು ಹಿಂದಿರುಗಿಸಿ.

ಹಂತ 8: ಉಳಿತಾಯವನ್ನು ನಿಜವಾಗಿ ಲೆಕ್ಕ ಹಾಕಿ

ಸ್ಮಾರ್ಟ್ ಬಲ್ಬು ಕರೆಂಟು ಉಳಿಸುತ್ತದೆ ಎಂದು ಮಾರುತ್ತಾರೆ. ಆರಿಸಿದಾಗಲೂ ಅದು ಸುಮಾರು ಅರ್ಧ ವ್ಯಾಟ್ ತಿನ್ನುತ್ತದೆ. ವರ್ಷಕ್ಕೆ ನಾಲ್ಕು ಯೂನಿಟ್‌ಗಿಂತ ಹೆಚ್ಚು, ಹತ್ತು ಬಲ್ಬಿಗೆ ಸುಮಾರು 44 ಯೂನಿಟ್. 9 ವ್ಯಾಟಿನ ಸಾದಾ ಬಲ್ಬನ್ನು ವರ್ಷವಿಡೀ ರಾತ್ರಿ ಹನ್ನೆರಡು ತಾಸು ಉರಿಸಿದರೂ 40 ಯೂನಿಟ್ ದಾಟದು. ನಿಜವಾದ ಉಳಿತಾಯ ಬೇರೆಡೆ ಇದೆ. ಚೋಕ್, ಸ್ಟಾರ್ಟರ್ ಇರುವ ಹಳೆಯ 40 ವ್ಯಾಟ್ ಟ್ಯೂಬ್‌ಲೈಟ್ ಚೋಕ್ ಸೇರಿ 50ಕ್ಕೂ ಹೆಚ್ಚು ವ್ಯಾಟ್ ಎಳೆಯುತ್ತದೆ. ಅದನ್ನು 20 ವ್ಯಾಟ್ ಬ್ಯಾಟನ್‌ಗೆ ಬದಲಿಸಿ ದಿನಕ್ಕೆ ಆರು ತಾಸು ಉರಿಸಿದರೆ ವರ್ಷಕ್ಕೆ ಸುಮಾರು 70 ಯೂನಿಟ್ ಉಳಿಯುತ್ತದೆ. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೆ ಸಿಗುವ ಉಚಿತ ಯೂನಿಟ್‌ಗೂ ಮಿತಿಯಿದೆ, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಆ ಅಂಚಿನಲ್ಲಿರುವ ಮನೆಗೆ ಎರಡು ಹಳೆಯ ಟ್ಯೂಬ್‌ಲೈಟ್ ಬದಲಿಸುವುದೂ ದೊಡ್ಡದೇ.

ಎಲ್ಲ ಮುಗಿದ ಮೇಲೆ ಒಂದು ಸಂಜೆ ನಿಮ್ಮ ಮೊಬೈಲನ್ನು ಬೀರುವಿನಲ್ಲಿಟ್ಟು ಮನೆಯನ್ನು ಹಿರಿಯರಿಗೂ ಮಕ್ಕಳಿಗೂ ಬಿಟ್ಟುಕೊಡಿ. ಯಾವ ದೀಪ ಹೊತ್ತಿಸಲು ಅವರು ನಿಮ್ಮನ್ನು ಕೂಗುತ್ತಾರೋ ಆ ದೀಪದ ಜೋಡಣೆ ತಪ್ಪಿದೆ, ಅದನ್ನು ಮರುದಿನವೇ ಸರಿಪಡಿಸಿ.